ರೊಟ್ಯಾಕ್ಸ್ 912 ಅದುರುತ್ತಿದ್ದರೆ ಮೊದಲು ಫ್ಲೋಟ್ ತೂಗಿ ನೋಡಿ

ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಕಾರ್ಬ್ಯುರೇಟರ್ ಇರುವ ರೊಟ್ಯಾಕ್ಸ್ 912 ಎಂಜಿನ್ ಕೂರಿಸಿದವರ ಸಾಮಾನ್ಯ ದೂರು ಇದು: ವೇಗ ಹೆಚ್ಚಿಸಿದರೆ ಎಂಜಿನ್ ನಯವಾಗಿ ಓಡುತ್ತದೆ, ಐಡಲ್‌ಗೆ (ಅತಿ ನಿಧಾನದ ಓಟಕ್ಕೆ) ಇಳಿಸಿದರೆ ಗಡಗಡ ಅದುರುತ್ತದೆ. ಕೂಡಲೇ ಎಲ್ಲರೂ ಸ್ಕ್ರೂಡ್ರೈವರ್ ಹಿಡಿದು ಎರಡು ಕಾರ್ಬ್ಯುರೇಟರ್‌ಗಳನ್ನು ಸರಿದೂಗಿಸಲು ಹೊರಡುತ್ತಾರೆ. ಸ್ವಲ್ಪ ತಾಳಿ.

ಒಂದು ಬದಿಯ ಸ್ಪಾರ್ಕ್ ಪ್ಲಗ್‌ಗಳಷ್ಟೇ ಮಸಿ ಹಿಡಿದಿವೆಯೇ? ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಜಿನುಗುತ್ತಿದೆಯೇ? ಹಾಗಿದ್ದರೆ ನನ್ನ ಗುಮಾನಿ ಫ್ಲೋಟ್‌ಗಳ ಮೇಲೆ, ಅಂದರೆ ಕಾರ್ಬ್ಯುರೇಟರ್‌ನ ಇಂಧನದ ಬಟ್ಟಲಿನಲ್ಲಿ ತೇಲುತ್ತ ಅದರ ಮಟ್ಟ ಕಾಯುವ ತುಂಡುಗಳ ಮೇಲೆ. ಅವು ಪೆಟ್ರೋಲ್ ಹೀರಿ ಭಾರವಾದರೆ ಬಟ್ಟಲಿನಲ್ಲಿ ಇಂಧನದ ಮಟ್ಟ ಏರಿ, ಆ ಬದಿಯ ಎರಡು ಸಿಲಿಂಡರ್‌ಗಳಿಗೆ ಅತಿಯಾಗಿ ಪೆಟ್ರೋಲ್ ಹೋಗುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಎರಡೂ ಇಗ್ನಿಷನ್ ಸ್ವಿಚ್ ಆಫ್ ಮಾಡಿ, ಇಂಧನದ ಕವಾಟ ಮುಚ್ಚಿ. ಕೆಳಗೊಂದು ತಟ್ಟೆ ಹಿಡಿದು, ತಂತಿಯ ಕ್ಲಿಪ್ ಸರಿಸಿ, ಬಟ್ಟಲನ್ನು ಅಲುಗಾಡಿಸದೆ ನೇರವಾಗಿ ಕೆಳಗಿಳಿಸಿ. ಒಳಗಿನ ಎರಡು ಫ್ಲೋಟ್‌ಗಳನ್ನು ಒರೆಸಿ ಒಟ್ಟಿಗೇ ತೂಗಿ. ಜೋಡಿಯ ತೂಕ 7 ಗ್ರಾಂ ಮೀರಬಾರದು. ಮೀರಿದರೆ ಜೋಡಿಯನ್ನೇ ಬದಲಿಸಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, ಚಿನ್ನ ತೂಗುವಂಥದ್ದು ಬೇಕು. ಬಟ್ಟಲಿನ ತಳದಲ್ಲಿ ಕಪ್ಪು ರಬ್ಬರ್ ಚೂರುಗಳು ಕಂಡರೆ ಇಂಧನದ ಹೋಸ್ ಒಳಗಿನಿಂದ ಕಿತ್ತುಬರುತ್ತಿದೆ ಎಂದೇ ತಿಳಿಯಿರಿ. ಅದು ಅದುರುವಿಕೆಗಿಂತ ದೊಡ್ಡ ಅಪಾಯ.

ಇಷ್ಟೆಲ್ಲ ಸರಿಯಿದ್ದೂ ಅದುರಿದರೆ ಆಗ ನಿರ್ವಾತ ಅಳೆಯುವ ಗೇಜ್ ಜೋಡಿಸಿ ಕಾರ್ಬ್ಯುರೇಟರ್‌ಗಳನ್ನು ಸರಿದೂಗಿಸಿ. ಅದಕ್ಕೂ ಮುಂಚೆ ಎರಡು ಥ್ರಾಟಲ್ ಕೇಬಲ್‌ಗಳೂ ಒಂದೇ ಕ್ಷಣಕ್ಕೆ ಎಳೆಯುತ್ತಿವೆಯೇ ಎಂದು ನೋಡಿಕೊಳ್ಳಿ.