ಪೈಲಟ್ ಸರ್ವೈವಲ್ ಚಾಕು: ನಾನು ಬದಲಿಸಿದ್ದು, ಮುಟ್ಟದೆ ಬಿಟ್ಟದ್ದು

ಅಮೆರಿಕದ ಸೇನಾ ವಿಮಾನಗಳ ಸಿಬ್ಬಂದಿಗಾಗಿ ನ್ಯೂಯಾರ್ಕ್ ರಾಜ್ಯದ ಕೆಮಿಲಸ್ ಕಂಪನಿ ತಯಾರಿಸಿದ ಸರ್ವೈವಲ್ ಚಾಕುವೊಂದು ನನ್ನ ಕೈಗೆ ಬಂದಾಗ, ಅದರ ಹಿಡಿಯ ತುದಿಯ ಉಕ್ಕಿನ ಬಿಲ್ಲೆಯ ಮೇಲೆ ಕಂಪನಿಯ ಹೆಸರೂ 1967 ಎಂಬ ಇಸವಿಯೂ ಸ್ಪಷ್ಟವಾಗಿ ಓದುವಂತಿದ್ದವು. ಚರ್ಮದ ಹಿಡಿ ಒಣಗಿ ಬಿರುಸಾಗಿತ್ತು, ಅಲಗಿನ ಬಾಯಿ ಮೊಂಡಾಗಿತ್ತು, ಮೊನೆಯ ಕಡೆಯ ಅರ್ಧ ಇಂಚಿನಷ್ಟು ಜಾಗದಲ್ಲಿ ಉಕ್ಕು ನೀಲಿ ಬಣ್ಣಕ್ಕೆ ತಿರುಗಿತ್ತು. ಆ ನೀಲಿ ಬಣ್ಣದ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಮರದ ತುಂಡೊಂದಕ್ಕೆ ಮೊನೆಯನ್ನು ಚುಚ್ಚಿ ಸ್ವಲ್ಪ ತಿರುಗಿಸಿದಾಗ ಅದು ಮುರಿಯುವ ಬದಲು ತಗಡಿನಂತೆ ಬಾಗಿ ಹಾಗೆಯೇ ನಿಂತುಬಿಟ್ಟಿತು. ಹಿಂದಿನ ಯಾರೋ ಒಬ್ಬರು ವಿದ್ಯುತ್ ಗ್ರೈಂಡರಿನಲ್ಲಿ ಅದಕ್ಕೆ ಸಾಣೆ ಕೊಟ್ಟು, ಉಕ್ಕಿನ ಹದವನ್ನೇ ಕೆಡಿಸಿದ್ದರು.

ಈ ಚಾಕುವಿನ ಉಕ್ಕು 1095 ಎಂಬ ವರ್ಗದ್ದು. ಇದರಲ್ಲಿ ಇಂಗಾಲದ ಅಂಶ ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ, ತುಕ್ಕನ್ನು ತಡೆಯುವ ಕ್ರೋಮಿಯಂ ಇರುವುದಿಲ್ಲ. ಇಂತಹ ಉಕ್ಕನ್ನು ಕಾಯಿಸಿ, ತಟ್ಟನೆ ತಣಿಸಿ ಗಡಸು ಮಾಡಿದ ಬಳಿಕ, ಗಾಜಿನಂತೆ ಸಿಡಿಯದಿರಲೆಂದು ಮತ್ತೊಮ್ಮೆ ಮಿತವಾದ ಶಾಖ ಕೊಟ್ಟು ಹದಗೊಳಿಸುತ್ತಾರೆ. ಆಮೇಲೆ ಅದು ಆ ಮಿತಿಯನ್ನು ಮೀರಿ ಬಿಸಿಯಾದರೆ ಗಡಸುತನ ಕರಗುತ್ತ ಹೋಗುತ್ತದೆ. ಉಜ್ಜಿದ ಉಕ್ಕಿನ ಮೇಲೆ ನೀಲಿ ಬಣ್ಣ ಕಾಣಿಸಿಕೊಳ್ಳುವುದು ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ. ತೆಳುವಾದ ಮೊನೆಯೊಂದು ಗ್ರೈಂಡರಿನ ಚಕ್ರಕ್ಕೆ ತಾಗಿ ಆ ಶಾಖಕ್ಕೆ ಏರಲು ಕೆಲವೇ ಕ್ಷಣಗಳು ಸಾಕು. ಹೀಗೆ ಹೋದ ಹದವನ್ನು ಸಾಣೆಯಿಂದ ಮರಳಿ ತರಲಾಗದು. ಮೃದುವಾದ ಭಾಗವನ್ನು ಸವೆಸಿ ತೆಗೆದು, ಒಳಗಿನ ಗಟ್ಟಿ ಉಕ್ಕಿನವರೆಗೆ ಹೋಗುವುದೊಂದೇ ನನಗೆ ಉಳಿದಿದ್ದ ದಾರಿ.

ಅದನ್ನು ಪೂರ್ತಿಯಾಗಿ ಕೈಯಿಂದಲೇ ಮಾಡಿದೆ. ಒರಟಾದ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಮೊನೆಯ ಬೆನ್ನಿನ ಕಡೆಯಿಂದ ಸವೆಸುತ್ತ ಬಂದು, ಆಗಾಗ ಒಂದು ಸಣ್ಣ ಅರವನ್ನು ಬಾಯಿಯ ಅಂಚಿನ ಮೇಲೆ ಹಗುರವಾಗಿ ಎಳೆದು ನೋಡುತ್ತಿದ್ದೆ. ಮೃದು ಉಕ್ಕನ್ನು ಅರ ಕಚ್ಚುತ್ತದೆ. ಗಟ್ಟಿ ಉಕ್ಕಿನ ಮೇಲೆ ಜಾರುತ್ತದೆ, ಅದರ ಸದ್ದೂ ಬೇರೆಯಾಗಿ ಕಿವಿಗೆ ತಿಳಿಯುತ್ತದೆ. ನಾಲ್ಕು ಸಂಜೆಗಳ ಕೆಲಸದ ಬಳಿಕ, ಸುಮಾರು ನಾಲ್ಕು ಮಿಲಿಮೀಟರ್ ಉದ್ದ ಹೋದ ಮೇಲೆ, ಅರ ಜಾರತೊಡಗಿತು. ಐದು ಇಂಚಿನ ಅಲಗಿನಲ್ಲಿ ಅಷ್ಟು ಕಳೆದುಕೊಳ್ಳುವುದು ಸಣ್ಣ ಮಾತಲ್ಲವಾದರೂ, ಬಾಗುವ ಮೊನೆಯನ್ನು ಇಟ್ಟುಕೊಂಡು ಉದ್ದವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಅಲಗು ಐದೇ ಇಂಚಿರುವುದಕ್ಕೂ ಹಿನ್ನೆಲೆಯಿದೆ. 1950ರ ದಶಕದ ಕೊನೆಯಲ್ಲಿ ಮಾರ್ಬಲ್ಸ್ ಎಂಬ ಇನ್ನೊಂದು ಅಮೆರಿಕನ್ ಕಂಪನಿ ಮೊದಲಿಗೆ ತಯಾರಿಸಿದ ಈ ಬಗೆಯ ಚಾಕುಗಳ ಅಲಗು ಆರು ಇಂಚು ಇತ್ತು. 1960ರ ದಶಕದ ಆರಂಭದಲ್ಲಿ ಅದನ್ನು ಐದಕ್ಕೆ ಇಳಿಸಲಾಯಿತು. ಇಕ್ಕಟ್ಟಾದ ಕಾಕ್‌ಪಿಟ್‌ನಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತವನ ಮೈಮೇಲೆ ಇರಬೇಕಾದ ವಸ್ತುವಿಗೆ ಒಂದು ಇಂಚೂ ಲೆಕ್ಕಕ್ಕೆ ಬರುತ್ತದೆ. ಇದರ ಪ್ರತಿಯೊಂದು ಅಂಗವೂ ಹೀಗೆಯೇ ಒಂದು ನಿರ್ದಿಷ್ಟ ಸಂದರ್ಭವನ್ನು ನೆನೆದು ರೂಪಿಸಿದ್ದು: ಬೆನ್ನಿನ ಮೇಲಿನ ಗರಗಸದ ಹಲ್ಲುಗಳು ವಿಮಾನದ ಅಕ್ರಿಲಿಕ್ ಮೇಲ್ಛಾವಣಿಯನ್ನೂ ತೆಳು ಅಲ್ಯೂಮಿನಿಯಂ ಹೊದಿಕೆಯನ್ನೂ ಕೊಯ್ದು ಹೊರಬರಲು, ಹಿಡಿಯ ತುದಿಯ ಆರು ಮೂಲೆಯ ಬಿಲ್ಲೆ ಸುತ್ತಿಗೆಯ ಹಾಗೆ ಬಡಿಯಲು, ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಾದ ಗಾರ್ಡ್‌ನ ಎರಡು ತೂತುಗಳು ಚಾಕುವನ್ನು ಕೋಲಿಗೆ ಕಟ್ಟಿ ಈಟಿ ಮಾಡಿಕೊಳ್ಳಲು, ಒರೆಯ ಮುಂದಿನ ಚಿಕ್ಕ ಚೀಲ ಸಾಣೆಕಲ್ಲನ್ನು ಇಟ್ಟುಕೊಳ್ಳಲು.

ಇದನ್ನು ತಿಳಿದುಕೊಳ್ಳುವ ಮೊದಲು ಆ ಗರಗಸದ ಹಲ್ಲುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿಬಿಡಬೇಕೆಂದು ನಾನು ಗಟ್ಟಿಯಾಗಿ ಯೋಚಿಸಿದ್ದುಂಟು. ಕಾಡಿನಲ್ಲಿ ಬಳಸುವಾಗ ಅವು ತೊಂದರೆಯನ್ನೇ ಕೊಡುತ್ತವೆ. ಸೌದೆ ಸೀಳಲೆಂದು ಅಲಗಿನ ಬೆನ್ನಿಗೆ ಕೊರಡಿನಿಂದ ಬಡಿದರೆ ಹಲ್ಲುಗಳು ಕೊರಡನ್ನೇ ತಿಂದುಹಾಕುತ್ತವೆ, ನವಿರಾದ ಕೆತ್ತನೆಗೆ ಬೆನ್ನಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿಯಲು ಆಗುವುದಿಲ್ಲ. ಮರವನ್ನು ಅವು ಕೊಯ್ಯುವುದೂ ಅಷ್ಟಕ್ಕಷ್ಟೆ, ಏಕೆಂದರೆ ಬಡಗಿಯ ಗರಗಸದಲ್ಲಿ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸಿ ಅಲಗು ಸಿಕ್ಕಿಕೊಳ್ಳದಂತೆ ಮಾಡಿರುತ್ತಾರೆ. ಇಲ್ಲಿ ಆ ಬಾಗು ಇಲ್ಲ, ಅಲಗೂ ದಪ್ಪ. ಸ್ವಲ್ಪ ಆಳಕ್ಕೆ ಇಳಿಯುತ್ತಿದ್ದಂತೆ ಹೊಟ್ಟು ತುಂಬಿಕೊಂಡು ಅದು ನಿಂತುಬಿಡುತ್ತದೆ. ಕೋಲಿಗೆ ಹಗ್ಗ ಕಟ್ಟಲು ಕಚ್ಚು ತೆಗೆಯುವಷ್ಟಕ್ಕೆ ಮಾತ್ರ ಅದು ಸಾಕು.

ನನ್ನ ಮನಸ್ಸು ಬದಲಾದದ್ದು ಗುಜರಿಯ ಅಲ್ಯೂಮಿನಿಯಂ ತಗಡೊಂದರ ಮೇಲೆ ಪ್ರಯೋಗ ಮಾಡಿದ ದಿನ. ದಪ್ಪ ಕೈಗವಸು ಹಾಕಿಕೊಂಡು, ಹೊಸದಾಗಿ ತಿದ್ದಿದ ಮೊನೆಯನ್ನು ತಗಡಿನ ಮೇಲೆ ನಿಲ್ಲಿಸಿ, ಹಿಡಿಯ ತುದಿಗೆ ಬಡಿದು ತೂತು ಮಾಡಿ, ಆ ತೂತಿನಿಂದ ಹಲ್ಲುಗಳನ್ನು ಎಳೆದಾಗ, ಮರದಲ್ಲಿ ಸೋತಿದ್ದ ಅದೇ ಗರಗಸ ತಗಡನ್ನು ಹರಿಯುತ್ತ ಮುಂದೆ ಸಾಗಿತು. ಅಂಚು ಒರಟಾಗಿತ್ತು, ಸದ್ದು ಅಸಹನೀಯವಾಗಿತ್ತು, ಆದರೆ ಅಂಗೈ ಉದ್ದದ ಸೀಳು ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉರಿಯುತ್ತಿರುವ ವಿಮಾನದ ಒಳಗಿರುವವನಿಗೆ ಬೇಕಾದದ್ದು ಆ ಸೀಳು. ಆ ಹಲ್ಲುಗಳನ್ನು ನಾನು ಮುಟ್ಟಲಿಲ್ಲ. ಗರಗಸಕ್ಕೂ ಗಾರ್ಡ್‌ಗೂ ನಡುವೆ ಬೆನ್ನಿನ ಮೇಲೆ ಉಳಿದಿರುವ ಸ್ವಲ್ಪ ನುಣುಪಾದ ಜಾಗದ ಅಂಚನ್ನಷ್ಟೇ ಸಾಣೆಕಲ್ಲಿನಿಂದ ಚೂಪಾದ ಮೂಲೆಯಾಗುವಂತೆ ತಿದ್ದಿಕೊಂಡೆ. ಬೆಂಕಿ ಹೊತ್ತಿಸಲು ಫೆರೋ ರಾಡ್ ಅನ್ನು, ಎಂದರೆ ಕೆರೆದರೆ ಕಿಡಿ ಹಾರುವ ಲೋಹದ ಕಡ್ಡಿಯನ್ನು, ಅದಕ್ಕೆ ಉಜ್ಜಿದರೆ ಈಗ ಕಿಡಿ ಚೆನ್ನಾಗಿ ಉದುರುತ್ತದೆ, ಅಲಗಿನ ಬಾಯಿಯನ್ನು ಅದಕ್ಕಾಗಿ ಹಾಳು ಮಾಡಬೇಕಿಲ್ಲ.

ಬಾಯಿಯ ಕೋನವನ್ನು ಬದಲಿಸಿದ್ದು ಮಾತ್ರ ನಾನು ಬೇಕೆಂದೇ ಮಾಡಿದ ಮುಖ್ಯ ಮಾರ್ಪಾಡು. ಅದು ಒಂದೊಂದು ಪಕ್ಕಕ್ಕೆ ಸುಮಾರು 25 ಡಿಗ್ರಿಯಷ್ಟಿತ್ತು. ಒರಟು ಕೆಲಸವನ್ನು ತಾಳಿಕೊಳ್ಳಲು ಇದು ಸರಿ, ಹಸಿ ಕಡ್ಡಿಯನ್ನು ಕೆತ್ತಲು ತೀರಾ ಮೊಂಡು. ಬಾಯಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು, ಕಲ್ಲಿನ ಮೇಲೆ ಎಳೆದಾಗ ಶಾಯಿ ಎಲ್ಲಿ ಅಳಿಯುತ್ತದೆಂದು ನೋಡುತ್ತ, ನಿಧಾನವಾಗಿ 20 ಡಿಗ್ರಿಗೆ ಇಳಿಸಿದೆ. ಮೊದಲು 220 ಗ್ರಿಟ್‌ನ ಕಲ್ಲು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು), ಅದರಲ್ಲಿ ಆಚೆ ಬದಿಗೆ ತೆಳುವಾದ ಉಕ್ಕಿನ ಎಳೆಯೊಂದು ಉದ್ದಕ್ಕೂ ಬೆರಳಿಗೆ ತಾಗುವವರೆಗೆ ಪಕ್ಕ ಬದಲಿಸದೆ ಉಜ್ಜುವುದು. ನಂತರ 400, ಕೊನೆಗೆ 1000. ಆಮೇಲೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಕೆಲವು ಎಳೆತ. ಇದಕ್ಕಿಂತ ನುಣುಪಾದ ಕಲ್ಲಿಗೆ ಹೋಗಿ ನೋಡಿದ್ದೇನೆ. ಹಗ್ಗ, ಪಟ್ಟಿಗಳನ್ನು ಕೊಯ್ಯುವಾಗ 1000ರಲ್ಲಿ ಉಳಿಯುವ ಸಣ್ಣ ಒರಟುತನವೇ ಹೆಚ್ಚು ಕೆಲಸಕ್ಕೆ ಬರುತ್ತದೆಂಬುದು ನನ್ನ ಅಭಿಪ್ರಾಯ.

ಹಿಡಿಯ ವಿಷಯದಲ್ಲಿ ನನ್ನಿಂದ ತಪ್ಪಾಯಿತು. ಅದು ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಒತ್ತಿದ ಹಿಡಿ. ಅಲಗಿನ ಬಾಲ ಅವುಗಳ ನಡುವೆ ಹಾದು, ತುದಿಯ ಉಕ್ಕಿನ ಬಿಲ್ಲೆಯನ್ನು ದಾಟಿದಲ್ಲಿ ಅದನ್ನು ಬಡಿದು ಅಗಲಿಸಿ ಬಿಗಿಮಾಡಿರುತ್ತಾರೆ. ಒಣಗಿದ ಚರ್ಮಕ್ಕೆ ಜೀವ ಬರಲಿ ಎಂದು ಒಂದು ರಾತ್ರಿಯಿಡೀ ಅದನ್ನು ಚರ್ಮಕ್ಕೆ ಹಚ್ಚುವ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ನೋಡಿದರೆ ಬಿಲ್ಲೆಗಳು ಮೆತ್ತಗಾಗಿ, ಒತ್ತಿದರೆ ಎಣ್ಣೆ ಒಸರಿ, ಇಡೀ ಹಿಡಿ ಅಲುಗಾಡುತ್ತಿತ್ತು. ಬಡಿದು ಕೂರಿಸಿದ ತುದಿಯನ್ನು ಬಿಚ್ಚುವಂತಿಲ್ಲ; ಬಿಚ್ಚಬೇಕೆಂದರೆ ಕೊರೆದು ತೆಗೆಯಬೇಕು, ಇಸವಿಯ ಅಚ್ಚು ಇರುವುದೂ ಅಲ್ಲಿಯೇ. ಹೀರುವ ಕಾಗದವನ್ನು ಸುತ್ತಿ, ಗಾಳಿಯಾಡುವ ಬೆಚ್ಚಗಿನ ಜಾಗದಲ್ಲಿಟ್ಟು, ದಿನವೂ ಕಾಗದ ಬದಲಿಸುತ್ತ ಮೂರು ವಾರ ಕಾದೆ. ಚರ್ಮ ಮತ್ತೆ ಬಿಗಿಯಾಗತೊಡಗಿದಾಗ, ಅಲಗನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಬಾಲದ ತುದಿಗೆ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ಹಲವು ಬಾರಿ ತಟ್ಟಿದ ಮೇಲೆ ಅಲುಗಾಟ ಬಹುಮಟ್ಟಿಗೆ ನಿಂತಿತು. ಕೊನೆಗೆ ಜೇನುಮೇಣವನ್ನು ಬಿಸಿಮಾಡಿ ತೆಳುವಾಗಿ ಉಜ್ಜಿ ಮುಗಿಸಿದೆ. ಮೊದಲೇ ಅಷ್ಟೇ ಮಾಡಿದ್ದರೆ ಸಾಕಿತ್ತು.

ಅಲಗಿನ ಬೂದುಬಣ್ಣದ ಫಾಸ್ಫೇಟ್ ಲೇಪ ಬಹುಪಾಲು ಉಳಿದಿದೆ. ಅದು ಬರಿಯ ಬಣ್ಣವಾಗಿರದೆ ಸೂಕ್ಷ್ಮ ರಂಧ್ರಗಳುಳ್ಳ ಪದರವಾಗಿರುವುದರಿಂದ, ಎಣ್ಣೆಯನ್ನು ಹೀರಿಟ್ಟುಕೊಂಡಾಗಲೇ ತುಕ್ಕನ್ನು ತಡೆಯುತ್ತದೆ. ಬಳಸಿದ ದಿನ ಒರೆಸಿ, ಒಂದೆರಡು ಹನಿ ಖನಿಜ ತೈಲವನ್ನು ಬಟ್ಟೆಯಿಂದ ಸವರುತ್ತೇನೆ. ಸಾಣೆಯಿಂದ ಬೆತ್ತಲಾದ ಬಾಯಿಯ ಅಂಚಿಗೆ ಇದು ಇನ್ನೂ ಮುಖ್ಯ. ಮೂಲ ಒರೆಯನ್ನು ಹೊರಗೆ ಹೋಗುವಾಗಷ್ಟೇ ಬಳಸುತ್ತೇನೆ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಮಳೆಗಾಲ ಚಾಕುವನ್ನು ಒರೆಯೊಳಗೇ ಬಿಟ್ಟಿದ್ದಾಗ ಅಲಗಿನ ಮೇಲೆ ಎದ್ದ ಕೆಂಪು ಚುಕ್ಕೆಗಳ ಗುರುತು ಇನ್ನೂ ಹೋಗಿಲ್ಲ. ಈಗ ಒರೆ ಒಂದು ಕಡೆ, ಎಣ್ಣೆ ಸವರಿದ ಚಾಕು ಇನ್ನೊಂದು ಕಡೆ ಇರುತ್ತವೆ, ಆ ಒರೆಯ ಚೀಲದಲ್ಲಿ ಅದರ ಜೊತೆಗೇ ಬಂದ ಸವೆದ ಸಾಣೆಕಲ್ಲು ಇದೆ.