ಪುಣೆಯ ಅಂಚಿನಲ್ಲಿ ಮನೆ ಹಿಡಿಯುವವರಿಗೆ

ಏಜೆಂಟ್ "ಇದು ಕಾರ್ಪೊರೇಶನ್ ಏರಿಯಾ ಸರ್" ಅಂದ ಕೂಡಲೇ ತಲೆ ಆಡಿಸಬೇಡಿ. "ಯಾವಾಗಿನಿಂದ?" ಅಂತ ಒಂದು ಮಾತು ಕೇಳಿ. ಕೇಳದೆ ಕೆಟ್ಟವನು ನಾನು.

ನಾನು ವಾಘೋಲಿಯಲ್ಲಿ ಫ್ಲ್ಯಾಟ್ ತಗೊಂಡಾಗ ಅಲ್ಲಿ ಗ್ರಾಮ ಪಂಚಾಯಿತಿ ಇತ್ತು. ಮನೆ ತೆರಿಗೆಗೆ ಇಲ್ಲಿ ಘರಪಟ್ಟಿ ಅನ್ನುತ್ತಾರೆ. ವರ್ಷಕ್ಕೊಮ್ಮೆ ಹೋಗಿ ಕಟ್ಟಿ, ರಸೀದಿ ಮಡಚಿ ಜೇಬಿಗೆ ಹಾಕಿಕೊಂಡು, ಪಕ್ಕದ ಗಾಡಿಯಲ್ಲಿ ಚಹಾ ಕುಡಿದು ಬರುತ್ತಿದ್ದೆ. 2017ರಲ್ಲಿ 11 ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದ್ದವು. 2021ರಲ್ಲಿ ವಾಘೋಲಿ, ಸೂಸ್, ನರ್ಹೆ ಅಂತ ಇನ್ನೂ 23 ಸೇರಿದವು. ಪಂಚಾಯಿತಿ, ತಾಲೂಕಿನ ಪಂಚಾಯತ್ ಸಮಿತಿ, ಜಿಲ್ಲಾ ಪರಿಷತ್ತು, ಮೂರೂ ಮೆಟ್ಟಿಲು ಹೋಗಿ ಪಾಲಿಕೆ ಒಂದೇ ಉಳಿಯಿತು. ನಾನು ಮನೆಯಲ್ಲಿ ಪೇಡೆ ಹಂಚಿದೆ, ಇನ್ನು ನಳದಲ್ಲಿ ನೀರು ಬರುತ್ತೆ ಅಂತ! ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅದೇ ಟ್ಯಾಂಕರ್ ಹಾರನ್ ಹೊಡೆಯಿತು. ಹೆಸರು ಬದಲಾದ ದಿನವೇ ಪೈಪು ಬರಲ್ಲ. ಆಮೇಲೂ ವರ್ಷಗಟ್ಟಲೆ ಕಾಯಬೇಕು.

ಒಂದೇ ಬಾಗಿಲು ಅಂದುಕೊಂಡಿದ್ದೂ ತಪ್ಪು. ಆಗ ಈ 23 ಹಳ್ಳಿಗಳ ನಗರ ಯೋಜನೆಯ ಕೆಲಸವನ್ನು ಪಾಲಿಕೆಗೆ ಕೊಡದೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಪಿಎಂಆರ್‌ಡಿಎಗೆ ಕೊಟ್ಟರು. ಕಸ ಒಬ್ಬರದು, ನಕ್ಷೆ ಇನ್ನೊಬ್ಬರದು.

ಇನ್ನು ತೆರಿಗೆ. ಪಾಲಿಕೆಯ ದರ ಪಂಚಾಯಿತಿಯದಕ್ಕಿಂತ ಜಾಸ್ತಿ, ಆದರೆ ಹಂತ ಹಂತವಾಗಿ ಏರುತ್ತದೆ. ಅದನ್ನು ತಡೆದುಕೊಳ್ಳಬಹುದು. ನನ್ನ ಹೊಟ್ಟೆ ಉರಿಸಿದ್ದು ಬೇರೆ. ಪುಣೆಯಲ್ಲಿ ಸ್ವಂತ ಮನೆಯಲ್ಲಿ ನೀವೇ ವಾಸವಿದ್ದರೆ ಶೇ. 40 ರಿಯಾಯಿತಿ ಇದೆ. ಅದಕ್ಕೆ ಪಿಟಿ-3 ಅನ್ನುವ ಅರ್ಜಿ ಕೊಡಬೇಕು. ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಮರಾಠಿಯಲ್ಲಿ ಅಚ್ಚುಕಟ್ಟಾಗಿ ಅಂಟಿಸಿದ್ದರು. ಲಿಫ್ಟಿಗೆ ಕಾಯುತ್ತಾ ದಿನಾ ಅದರ ಎದುರೇ ನಿಲ್ಲುತ್ತಿದ್ದೆ. ಓದಲಿಲ್ಲ! ಧಾರವಾಡದವನಿಗೆ ಮರಾಠಿ ಬರಲ್ಲ ಅಂದರೆ ಯಾರು ನಂಬುತ್ತಾರೆ? ಮಾತಾಡಲು ಬರುತ್ತೆ, ಓದಲು ಸೋಮಾರಿತನ. ನೀವು ಹಾಗೆ ಮಾಡಬೇಡಿ. ಪಂಚಾಯಿತಿಯ ಹಳೆ ರಸೀದಿ, ನಮುನಾ 8ರ (ಪಂಚಾಯಿತಿಯ ಮನೆ ತೆರಿಗೆ ದಾಖಲೆ) ಪ್ರತಿ ಎರಡನ್ನೂ ಎತ್ತಿಡಿ. ಹೆಸರು ವರ್ಗಾವಣೆ, ವಿಳಾಸ ತಿದ್ದುಪಡಿ ಎಲ್ಲ ಹೇಗೋ ಆಗುತ್ತೆ.

ಪಾಲಿಕೆಗೆ ಸೇರಿದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ ಅಂತ ಧಾರವಾಡದವನಾಗಿ ನನಗೆ ಮೊದಲೇ ಹೊಳೆಯಬೇಕಿತ್ತು. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಒಂದು ಪಾಲಿಕೆಯಾಯಿತು. ನಮ್ಮಜ್ಜ ಸಾಯೋವರೆಗೂ "ಎಲ್ಲಾ ಹುಬ್ಬಳ್ಳಿಗೇ ಹೋತು" ಅಂತ ಗೊಣಗುತ್ತಿದ್ದರು. ಧಾರವಾಡಕ್ಕೆ ಬೇರೆ ಪಾಲಿಕೆ ಬೇಕೆಂದು ಊರವರು ಎಷ್ಟೋ ವರ್ಷ ಕೂಗಿದ ಮೇಲೆ 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. ಇಲ್ಲಿಯೂ ಅಷ್ಟೆ, 2017ರಲ್ಲಿ ಸೇರಿದ ಫುರಸುಂಗಿ, ಉರುಳಿ ದೇವಾಚಿ ತೆರಿಗೆ ಜಗಳದಲ್ಲೇ ಹೊರಬಿದ್ದು ಈಗ ತಮ್ಮದೇ ನಗರ ಪರಿಷತ್ತು ಮಾಡಿಕೊಂಡಿವೆ. ಕೂಡು ಕುಟುಂಬದ ಪಾಲು ಇದ್ದ ಹಾಗೆ. ಸೇರುವಾಗ ಹೋಳಿಗೆ, ಆಮೇಲೆ ಪಾತ್ರೆ ಎಣಿಕೆ.

ಹೋಗಿದ್ದರಲ್ಲಿ ನನಗೆ ಈಗಲೂ ಕಾಡುವುದು ಗ್ರಾಮಸಭೆ. ಆಗಸ್ಟ್ 15ಕ್ಕೆ, ಅಕ್ಟೋಬರ್ 2ಕ್ಕೆ ಮೈಕಿನಲ್ಲಿ ಕರೆಯುತ್ತಿದ್ದರು. ಕೆಳಗಡೆ ಮನೆಯ ಕಾಕಾ ಒಮ್ಮೆ ಬಾಗಿಲಿಗೇ ಬಂದು "ಚಲಾ, ಪಾಣ್ಯಾಚಾ ವಿಷಯ ಆಹೇ" ಅಂದರು, ನಡೀರಿ, ನೀರಿನ ವಿಷಯ ಇದೆ ಅಂತ. ರಜೆ ದಿನ, ಇಡ್ಲಿ ಬೇಯುತ್ತಿತ್ತು. "ನೀವು ಹೋಗಿ ಬನ್ನಿ ಕಾಕಾ" ಅಂದೆ. ನಮ್ಮದೇನಿದೆ ಅಲ್ಲಿ, ನಾವು ಹೊರಗಿನವರು ಅಂತ ನನಗೆ ನಾನೇ ಹೇಳಿಕೊಂಡಿದ್ದು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಮಾತ್ರ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಹೋಗುತ್ತಿದ್ದೆ.

ಪಾಲಿಕೆಯಲ್ಲಿ ಆ ಸಭೆ ಇಲ್ಲ. 2022ರ ಮಾರ್ಚ್‌ನಲ್ಲಿ ನಗರಸೇವಕರ (ಪಾಲಿಕೆ ಸದಸ್ಯರ) ಅವಧಿಯೂ ಮುಗಿದು, ಚುನಾವಣೆ ಆಗುವವರೆಗೆ ಅಧಿಕಾರಿಯೊಬ್ಬರೇ ಪ್ರಶಾಸಕ. ನೀರಿನ ದೂರು ಯಾರಿಗೆ ಹೇಳೋದು? ಮೊಬೈಲಿನಲ್ಲಿ ದೂರು ಹಾಕಿ ಟಿಕೆಟ್ ನಂಬರ್ ಇಟ್ಟುಕೊಂಡು ಕೂತೆವು.

ಕೊನೆಗೆ 2026ರ ಜನವರಿ 15ಕ್ಕೆ ಮತದಾನ ಬಂತು. ಇಲ್ಲಿ ಒಂದು ಪ್ರಭಾಗಕ್ಕೆ, ಅಂದರೆ ವಾರ್ಡಿಗೆ, ನಾಲ್ವರು, ಹಾಗಾಗಿ ಒಬ್ಬೊಬ್ಬರಿಗೆ ನಾಲ್ಕು ವೋಟು. ಮಗಳಿಗೆ ಅದೇ ಮೊದಲ ಮತ. ಹಿಂದಿನ ರಾತ್ರಿ ಹೆಸರುಗಳ ಚೀಟಿ ಹಿಡಿದು ಕೂತಿದ್ದೆ, ಒಂದೂ ಗುರುತಿಲ್ಲ. ಅವಳು ಒಂದು ಹೆಸರಿನ ಮೇಲೆ ಬೆರಳಿಟ್ಟಳು.

"ಇವರು ನನ್ನ ಫ್ರೆಂಡ್ ಚಿಕ್ಕಪ್ಪ. ಮೊದಲು ಪಂಚಾಯಿತಿಯಲ್ಲಿದ್ದರಲ್ಲ, ನಿನಗೆ ಗೊತ್ತಿಲ್ವಾ ಅಪ್ಪಾ?"

"ಹೆಸರು ಕೇಳಿದ ಹಾಗಿದೆ" ಅಂದೆ.