ಡೈರಿ ಗೋಡೆ ಮೇಲೆ ಶಾಲೆಯ ಸುದ್ದಿ

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್ ನಾನು. ಒಂದರಿಂದ ಎಂಟರವರೆಗೆ ತರಗತಿಗಳಿವೆ. ಊರಿನ ಮಕ್ಕಳ ಜೊತೆಗೆ ಪಕ್ಕದ ಗೊಲ್ಲರಹಟ್ಟಿ, ನಾಯಕರ ಹಟ್ಟಿಗಳ ಮಕ್ಕಳೂ ಇಲ್ಲಿಗೇ ಬರುತ್ತಾರೆ. ಮಕ್ಕಳ ಸಾಧನೆಯನ್ನು ನಾವು ಹೇಗೆ ಸಂಭ್ರಮಿಸುತ್ತೇವೆ ಎಂದು ಬೇರೆ ಶಾಲೆಯ ಗೆಳತಿಯರು ತರಬೇತಿಗಳಲ್ಲಿ ಸಿಕ್ಕಾಗೆಲ್ಲ ಕೇಳುತ್ತಾರೆ. ಊಟದ ಬಿಡುವಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕ ವಿಷಯವಲ್ಲ, ಅದಕ್ಕೆ ಬರೆದಿದ್ದೇನೆ.

ಪ್ರಾರ್ಥನೆ ಹೊತ್ತಿನಲ್ಲಿ ಮಗುವನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸುವುದು ಎಲ್ಲ ಶಾಲೆಯಲ್ಲೂ ಇದೆ. ನಮ್ಮಲ್ಲೂ ಇದೆ, ಬಿಟ್ಟಿಲ್ಲ. ಆದರೆ ಆ ಹೊತ್ತಿಗೆ ಮಗುವಿನ ಅಪ್ಪ ಹೊಲದಲ್ಲಿರುತ್ತಾನೆ, ಅವ್ವ ಕೂಲಿಗೆ ಹೋಗಿರುತ್ತಾಳೆ. ಚಪ್ಪಾಳೆ ಕಾಂಪೌಂಡು ದಾಟುವುದೇ ಇಲ್ಲ. ಪೋಷಕರ ಸಭೆಗೆ ಬನ್ನಿ ಎಂದರೆ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬಂದವರಿಗೂ ನಾವು ಹೇಳುವುದು "ನಿಮ್ಮ ಹುಡುಗ ಗಣಿತದಲ್ಲಿ ಹಿಂದಿದ್ದಾನೆ" ಎಂಬ ದೂರನ್ನೇ. ಹಾಗಾಗಿ ಅವರನ್ನು ಇಲ್ಲಿಗೆ ಕರೆಸುವ ಹಟ ಬಿಟ್ಟು, ಅವರು ದಿನಾ ಬಂದು ನಿಲ್ಲುವ ಜಾಗಕ್ಕೆ ನಾವೇ ಹೋಗೋಣ ಎಂದುಕೊಂಡೆವು.

ನಮ್ಮೂರಲ್ಲಿ ಅಂಥ ಜಾಗ ಹಾಲಿನ ಡೈರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು ಹಿಡಿದವರ ಸಾಲು ನಿಲ್ಲುತ್ತದೆ. ಹಾಲು ಅಳೆದು, ಫ್ಯಾಟು ನೋಡಿ, ಚೀಟಿ ಬರೆಯುವ ತನಕ ಎಲ್ಲರೂ ಕಾಯಲೇಬೇಕು. ಜಾತಿ, ಪಾರ್ಟಿ ಯಾವುದಾದರೂ ಸಾಲು ಒಂದೇ. ಡೈರಿ ಕಾರ್ಯದರ್ಶಿಯನ್ನು ಕೇಳಿದೆವು, ಗೋಡೆಯ ಒಂದು ಭಾಗ ಬಿಟ್ಟುಕೊಟ್ಟರು. ಎಸ್‌ಡಿಎಂಸಿ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಕಪ್ಪು ಬಣ್ಣದ ಡಬ್ಬಿ ತಂದುಕೊಟ್ಟರು. ಏಳನೇ ತರಗತಿ ಮಕ್ಕಳು ಗೋಡೆ ಉಜ್ಜಿ ಬಳಿದರು. ಆದ ಖರ್ಚು ಅಷ್ಟೇ.

ಬೋರ್ಡು ಮಾಡುವುದು ಸುಲಭ, ಅದರ ಮೇಲೆ ಏನು ಬರೆಯಬೇಕು ಎನ್ನುವುದೇ ಕಷ್ಟ. ನಾವೆಲ್ಲ ಕೂತು ಒಂದು ಕಟ್ಟು ಮಾಡಿಕೊಂಡೆವು: ಅಂಕ ಬರೆಯುವುದಿಲ್ಲ, "ಉತ್ತಮ ವಿದ್ಯಾರ್ಥಿ", "ಪ್ರತಿಭಾವಂತೆ" ಎಂದೂ ಬರೆಯುವುದಿಲ್ಲ. ಮಗು ಏನು ಮಾಡಿತು ಎಂಬುದು ಒಂದು ವಾಕ್ಯದಲ್ಲಿ ಇರಬೇಕು. "ಎರಡನೇ ತರಗತಿಯ ಇಂಥವನು ಒಂದು ಪೂರ್ತಿ ಪುಟ ತಡವರಿಸದೆ ಓದಿದ." "ಆರನೇ ತರಗತಿಯ ಇಂಥವಳು ಕೈತೋಟದ ಟೊಮೆಟೊ ತೂಕ ಮಾಡಿ ಬಿಸಿಯೂಟದ ಲೆಕ್ಕದ ಪುಸ್ತಕಕ್ಕೆ ಸೇರಿಸಿದಳು." "ಖೋಖೋದಲ್ಲಿ ನಮ್ಮ ತಂಡ ಸೋತಿತು, ಆದರೆ ಇಂಥವಳನ್ನು ಕೊನೆಯವರೆಗೂ ಯಾರಿಗೂ ಮುಟ್ಟಲಾಗಲಿಲ್ಲ." ಹೀಗೆ ಬರೆಯಬೇಕಾದರೆ ಟೀಚರು ಮಗುವನ್ನು ವಾರವಿಡೀ ಕಣ್ಣಿಟ್ಟು ನೋಡಿರಬೇಕು. ನಿಜ ಹೇಳಬೇಕೆಂದರೆ ಬೋರ್ಡಿನ ದೊಡ್ಡ ಲಾಭ ನಮಗೇ ಆಯಿತು. ಯಾವ ಮಗುವಿನ ಬಗ್ಗೆ ಬರೆಯಲು ಏನೂ ತೋಚುವುದಿಲ್ಲವೋ ಆ ಮಗುವನ್ನು ನಾವು ಸರಿಯಾಗಿ ನೋಡಿಲ್ಲ ಎಂದು ತಿಳಿಯುತ್ತಿತ್ತು. ಮುಂದಿನ ವಾರ ಅದರ ಪಕ್ಕದಲ್ಲೇ ಹೋಗಿ ಕೂರುತ್ತಿದ್ದೆವು.

ಓದು ಬಾರದವರಿಗೆ ಬೋರ್ಡಿನಿಂದ ಏನು ಪ್ರಯೋಜನ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಮಕ್ಕಳಿಂದಲೇ ಬಂತು. ಮನೆಯ ಹಾಲು ತರುವ ಹುಡುಗರು ಸಾಲಿನಲ್ಲಿ ನಿಂತು ಬೋರ್ಡನ್ನು ಗಟ್ಟಿಯಾಗಿ ಓದತೊಡಗಿದರು. ಅಜ್ಜಿಯರು "ಇನ್ನೊಂದ್ಸಲ ಓದೋ" ಎಂದು ಓದಿಸಿಕೊಳ್ಳುತ್ತಿದ್ದರು. ಒಂದು ದಿನ ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಟ್ಟಿಯ ತಾಯಿಯೊಬ್ಬರು ಬಂದು, "ಟೀಚರಮ್ಮ, ನಮ್ ಹುಡ್ಗಿ ಹೆಸ್ರು ಗೋಡೆ ಮ್ಯಾಲೈತಂತೆ, ಏನ್ ಮಾಡ್ಯಾಳೆ?" ಎಂದು ಗಾಬರಿಯಿಂದ ಕೇಳಿದರು. ಗೋಡೆ ಮೇಲೆ ಹೆಸರು ಬಂದರೆ ಸಾಲ ಬಾಕಿ ಇರಬೇಕು, ಇಲ್ಲವೇ ಏನೋ ತಪ್ಪು ಮಾಡಿರಬೇಕು ಎಂಬ ಹೆದರಿಕೆ. ಹುಡುಗಿ ಒಂದನೇ ತರಗತಿಯ ಪುಟ್ಟ ಹುಡುಗನಿಗೆ ನಲಿಕಲಿ (ಚಿಕ್ಕ ತರಗತಿಗಳ ಆಡುತ್ತಾ ಕಲಿಯುವ ಪದ್ಧತಿ) ಕಾರ್ಡು ಓದಿಸಿದ ಸಂಗತಿ ಹೇಳಿದೆ. "ಅಷ್ಟೇನಾ?" ಎಂದರು. ಆಮೇಲೆ ಅದನ್ನೇ ಪಕ್ಕದವರಿಗೆ ಹೇಳುತ್ತಾ ಹೋದರು.

ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಬಹಳ ಶಾಲೆಗಳಲ್ಲಿದೆ. ನಾನು ಅದರ ಪರ ಇಲ್ಲ. ನಮ್ಮದು ಮಳೆ ನಂಬಿದ ಶೇಂಗಾ ಸೀಮೆ. ಶೇಂಗಾ ಕೀಳುವ ದಿನಗಳಲ್ಲಿ ದೊಡ್ಡ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಅವರಿಗಿಂತ ಸ್ವಲ್ಪ ಚಿಕ್ಕವರು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತವೆ. ಪೂರ್ಣ ಹಾಜರಾತಿ ಎಂಬುದು ಇಲ್ಲಿ ಮನೆಯ ಸ್ಥಿತಿಗೆ ಸಿಗುವ ಬಹುಮಾನ, ಮಗುವಿಗಲ್ಲ.

ಅದರ ಬದಲು ನಾವು ಮರಳಿ ಬಂದವರನ್ನು ಸಂಭ್ರಮಿಸುತ್ತೇವೆ. ಗುಳೆ ಹೋಗಿ ಬಂದ ಮಗು ಮೊದಲ ದಿನ ಬಾಗಿಲ ಬಳಿ ಹಿಂಜರಿದು ನಿಲ್ಲುತ್ತದೆ. ಪಾಠ ಮುಂದೆ ಹೋಗಿರುತ್ತದೆ, ಕೂರುವ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಆ ವಾರ ಬೋರ್ಡಿನ ಮೊದಲ ಸಾಲು ಅವರದೇ: "ಇಂಥವರು ವಾಪಸ್ ಶಾಲೆಗೆ ಬಂದಿದ್ದಾರೆ." ತರಗತಿಯಲ್ಲಿ ಒಂದು ಅವಧಿ ಅವರಿಗೇ ಬಿಡುತ್ತೇವೆ. ಕಾಫಿ ಹಣ್ಣು ಯಾವ ಬಣ್ಣಕ್ಕೆ ತಿರುಗಿದರೆ ಕೀಳಬೇಕು, ಒಂದು ಚೀಲ ತುಂಬಲು ಎಷ್ಟು ಹೊತ್ತು, ಅಲ್ಲಿ ಜಿಗಣೆ ಹೇಗೆ ಹತ್ತುತ್ತದೆ, ಅದನ್ನು ಹೇಗೆ ಬಿಡಿಸಬೇಕು ಎಂದು ಅವರು ಹೇಳುತ್ತಾರೆ. ಬಯಲುಸೀಮೆಯ ಮಕ್ಕಳಿಗೆ ಜಿಗಣೆಯಷ್ಟು ರೋಚಕ ವಿಷಯ ಬೇರೆ ಇಲ್ಲ. ಒಬ್ಬ ಹುಡುಗ ತೋಟದ ಕೂಲಿ ಲೆಕ್ಕವನ್ನು ಕರಿಹಲಗೆ ಮೇಲೆ ಹಾಕಿ ತೋರಿಸಿದ. ಅಂದಿನ ಗಣಿತ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.

ಶಾಲಾ ಮಕ್ಕಳ ಹಾಡು, ನಾಟಕ, ವೇಷಗಳ ಸರ್ಕಾರಿ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಹತ್ತುತ್ತಾ ಹೋಗುವ ಮೆಟ್ಟಿಲಲ್ಲಿ ಹೆಚ್ಚಿನ ಮಕ್ಕಳು ಮೊದಲನೆಯದರಲ್ಲೇ ಇಳಿಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಛದ್ಮವೇಷ ಸ್ಪರ್ಧೆ ಎಂದರೆ ಒಂದೇ ವೇದಿಕೆ ಮೇಲೆ ನಾಲ್ಕೈದು ಓಬವ್ವಂದಿರು ಒನಕೆ ಹಿಡಿದು ಸರದಿಗೆ ಕಾಯುವುದು ಮಾಮೂಲು. ತೀರ್ಪುಗಾರರ ಕಷ್ಟ ದೇವರಿಗೇ ಪ್ರೀತಿ. ನಾವು ಮಾಡುವುದಿಷ್ಟೇ: ಹೋಗುವ ಮುನ್ನ ಮಕ್ಕಳು ತಮ್ಮ ಐಟಂ ಅನ್ನು ಹಟ್ಟಿಯ ಕಟ್ಟೆ ಮೇಲೆ ಒಂದು ಸಂಜೆ ಮಾಡಿ ತೋರಿಸುತ್ತಾರೆ. ಸ್ಪರ್ಧೆಯಲ್ಲಿ ಏನೇ ಆಗಲಿ, ತಮ್ಮವರ ಚಪ್ಪಾಳೆ ಅಷ್ಟರಲ್ಲಾಗಲೇ ಸಿಕ್ಕಿರುತ್ತದೆ.

ಆ ಕಟ್ಟೆ ಸಂಜೆಗಳಿಂದ ಇನ್ನೊಂದು ಕೆಲಸ ಹುಟ್ಟಿತು. ಮಕ್ಕಳು ಹಾಡಿದ್ದನ್ನು ಕೇಳಿದ ಅಜ್ಜಿಯೊಬ್ಬರು "ಇದೇನ್ ಹಾಡು, ನಾನ್ ಹೇಳ್ತೀನಿ ಕೇಳ್ರಿ" ಎಂದು ತಾವೇ ಶುರುಮಾಡಿದರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಓದಿಲ್ಲದೆಯೇ ನೆನಪಿನಲ್ಲಿಟ್ಟುಕೊಂಡ ಜನಪದ ಹಾಡುಗಳಿಗಾಗಿ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವ ಪಡೆದವರು. ಅಂಥ ಸೀಮೆಯಲ್ಲಿ ಮಕ್ಕಳ ಹಾಡಿನ ಟೀಚರನ್ನು ಹೊರಗೆ ಹುಡುಕಬೇಕೇ? ಈಗ ಆರು, ಏಳನೇ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಒಂದು ಸೋಬಾನೆಯೋ, ಬೀಸುವ ಪದವೋ, ಗಾದೆಯೋ ಕೇಳಿ ನೋಟುಬುಕ್ಕಿನಲ್ಲಿ ಬರೆದು ತರುತ್ತಾರೆ. ಬರೆದವರ ಹೆಸರಿನ ಜೊತೆ ಹೇಳಿದವರ ಹೆಸರೂ ಬೋರ್ಡಿಗೆ ಬರುತ್ತದೆ. ಕನ್ನಡ ಕಾಗುಣಿತ ತಿದ್ದಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕಿಲ್ಲ. ತಮ್ಮ ಅಜ್ಜಿಯ ಹಾಡನ್ನು ತಪ್ಪಾಗಿ ಬರೆಯಲು ಮಕ್ಕಳು ಒಪ್ಪುವುದಿಲ್ಲ.

ಇನ್ನು ಎನ್‌ಎಂಎಂಎಸ್, ಅಂದರೆ ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ. ಎಂಟನೇ ತರಗತಿಯ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಆಯ್ಕೆಯಾದವರಿಗೆ ತಿಂಗಳಿಗೆ 1,000 ರೂಪಾಯಿಯಂತೆ ವರ್ಷಕ್ಕೆ 12,000. ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ಲೆಕ್ಕ ಹಾಕಿದರೆ 48,000. ನಮ್ಮ ಕಡೆಯ ಮನೆಗೆ ಇದು ಸಣ್ಣ ದುಡ್ಡಲ್ಲ. ಆಯ್ಕೆಪಟ್ಟಿ ಬಂದ ದಿನ ಹಾರ, ಶಾಲು, ಫ್ಲೆಕ್ಸು, ಫೋಟೊ ಎಲ್ಲ ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಪಟ್ಟಿಯಲ್ಲಿ ಹೆಸರು ಬಂದಷ್ಟಕ್ಕೇ ದುಡ್ಡು ಬರುವುದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಆಧಾರ್‌ನಲ್ಲಿರುವ ಹೆಸರೂ ಶಾಲೆಯ ದಾಖಲೆಯ ಹೆಸರೂ ತಾಳೆಯಾಗಬೇಕು. ಅಷ್ಟರಲ್ಲಿ ಮಗು ನಮ್ಮ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗಿರುತ್ತದೆ, ಅರ್ಜಿಯನ್ನು ಪರಿಶೀಲಿಸಬೇಕಾದವರು ಅಲ್ಲಿಯವರು. ಎರಡು ಶಾಲೆಗಳ ನಡುವಿನ ಆ ಬೇಸಿಗೆ ರಜೆಯಲ್ಲೇ ಅರ್ಜಿ ಕಳೆದುಹೋಗುವ ಅಪಾಯ.

ಆದ್ದರಿಂದ ನಮ್ಮ ಶಾಲೆಯಲ್ಲಿ ಎನ್‌ಎಂಎಂಎಸ್ ಸಂಭ್ರಮ ಎಂದರೆ ಒಂದು ಫೈಲು. ಆಯ್ಕೆಯಾದ ಮಗುವಿಗೆ ಕಟ್ಟೆ ಸಭೆಯಲ್ಲಿ ನಾವು ಕೊಡುವುದು ಅದನ್ನೇ. ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಯ್ಕೆಪಟ್ಟಿಯ ಪುಟ, ಎಲ್ಲ ಜೋಡಿಸಿ ಮೇಲೆ ಹೆಸರು ಬರೆದಿರುತ್ತದೆ. ಜೂನ್‌ನಲ್ಲಿ ನಮ್ಮಲ್ಲೊಬ್ಬರು ಮಗುವಿನ ಜೊತೆ ಹೈಸ್ಕೂಲಿಗೆ ಹೋಗಿ, ಅಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವ ಶಿಕ್ಷಕರಿಗೆ ಮಗುವನ್ನು ಪರಿಚಯಿಸಿ ಬರುತ್ತೇವೆ. ಅಪ್ಪ ಅಮ್ಮಂದಿರಿಗೆ ಮೂರು ಮಾತು ಬಿಡಿಸಿ ಹೇಳುತ್ತೇವೆ: ಪ್ರತಿ ವರ್ಷ ನವೀಕರಣ ಮಾಡಿಸಬೇಕು, ಖಾಸಗಿ ಶಾಲೆಗೆ ಸೇರಿಸಿದರೆ ಈ ವೇತನ ನಿಲ್ಲುತ್ತದೆ, ಹತ್ತನೇ ತರಗತಿಯಲ್ಲಿ ಶೇ 60 ಅಂಕ ಬಂದರೆ ಪಿಯುಸಿಗೆ ಮುಂದುವರಿಯುತ್ತದೆ (ಪರಿಶಿಷ್ಟರಿಗೆ ಶೇ 5ರ ರಿಯಾಯಿತಿ ಇದೆ). ಫೈಲು ಕೊಡುವಾಗ ಫೋಟೊ ಅಷ್ಟೇನೂ ಚೆನ್ನಾಗಿ ಬರುವುದಿಲ್ಲ ಎಂದು ನಮ್ಮ ಮುಖ್ಯ ಶಿಕ್ಷಕರು ಗೊಣಗುತ್ತಾರೆ, ಆದರೂ ದಾಖಲೆ ಜೋಡಿಸಲು ಎಲ್ಲರಿಗಿಂತ ಮೊದಲು ಕೂರುವವರು ಅವರೇ.

ವಾರ್ಷಿಕ ಸಭೆಯನ್ನೂ ಇದೇ ರೀತಿ ಬದಲಿಸಿಕೊಂಡಿದ್ದೇವೆ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದಿಲ್ಲ. ಹಾಕಿಸಿದರೆ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಎಂಬಲ್ಲಿಗೇ ಹಬ್ಬ ಮುಗಿಯುತ್ತದೆ. ಡೈರಿ ಬೋರ್ಡೇ ನಮ್ಮ ಆಮಂತ್ರಣ. ವೇದಿಕೆ ಮೇಲೆ ಕುರ್ಚಿ ಇಲ್ಲ, ಎಲ್ಲರೂ ಜಮಖಾನದ ಮೇಲೆ. ಪಂಚಾಯ್ತಿ ಸದಸ್ಯರು ಮೊದಲ ವರ್ಷ ಮುಖ ಗಂಟಿಕ್ಕಿದರು, ಮರುವರ್ಷ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಕೊನೆತನಕ ನೋಡಿದರು. ಭಾಷಣಗಳು ಮಕ್ಕಳ ಕಾರ್ಯಕ್ರಮ ಮುಗಿದ ಮೇಲೆ. ಆ ಹೊತ್ತಿಗೆ ಎಲ್ಲರಿಗೂ ಹಸಿವಾಗಿರುವುದರಿಂದ ಭಾಷಣ ತಾನಾಗಿಯೇ ಚಿಕ್ಕದಾಗುತ್ತದೆ.

ಬಹುಮಾನ ಕೊಡುವವರು ಊರಿನವರೇ, ಪ್ರತಿ ಸಲ ಬೇರೆ ಬೇರೆ. ಅಡುಗೆ ಸಿಬ್ಬಂದಿ ಕೊಟ್ಟಿದ್ದಾರೆ, ಆಶಾ ಕಾರ್ಯಕರ್ತೆ ಕೊಟ್ಟಿದ್ದಾರೆ. ನಾಯಕರ ಹಟ್ಟಿಯಲ್ಲಿ ದೇವರ ಎತ್ತು ಕಾಯುವ ಕಿಲಾರಿ ಅಜ್ಜ ಒಬ್ಬರಿದ್ದಾರೆ. ಅವರು ಶಾಲೆಯ ಒಳಗೆ ಕಾಲಿಟ್ಟವರೇ ಅಲ್ಲ. ಅವರ ಕೈಯಿಂದ ಕೊಡಿಸಬೇಕೆಂದು ಮಕ್ಕಳೇ ಹಟ ಹಿಡಿದಾಗ, "ನಂಗೇನ್ ಗೊತ್ತೈತೆ ಮಕ್ಳಾ" ಎನ್ನುತ್ತಲೇ ಬಂದರು. ಬಹುಮಾನ ಎಂದರೆ ಪ್ಲಾಸ್ಟಿಕ್ ಕಪ್ ಅಲ್ಲ, ಸ್ಟೀಲಿನ ತಟ್ಟೆ ಅಥವಾ ಚೊಂಬು. ಚಳ್ಳಕೆರೆಯ ಪಾತ್ರೆ ಅಂಗಡಿಯಲ್ಲಿ ಮಗುವಿನ ಹೆಸರು, ತರಗತಿ ಕೊರೆಸಿ ತರುತ್ತೇವೆ. ಕಪ್ ಆದರೆ ಅಟ್ಟ ಸೇರುತ್ತದೆ. ತಟ್ಟೆಯಲ್ಲಾದರೆ ಮನೆಮಂದಿ ದಿನಾ ಮುದ್ದೆ ಉಣ್ಣುತ್ತಾರೆ. ದುಡ್ಡು ಹಳೆಯ ವಿದ್ಯಾರ್ಥಿಗಳದ್ದು. ಬೆಂಗಳೂರಿನಲ್ಲಿ ದುಡಿಯುವ ಹುಡುಗರು ಸೇರಿಸಿ ಕಳಿಸುತ್ತಾರೆ, ಎಸ್‌ಡಿಎಂಸಿ ಲೆಕ್ಕ ಇಡುತ್ತದೆ, ಖರ್ಚಿನ ಪಟ್ಟಿಯೂ ಅದೇ ಡೈರಿ ಬೋರ್ಡಿಗೆ ಬರುತ್ತದೆ. ಲೆಕ್ಕ ಗೋಡೆ ಮೇಲೆ ಕಂಡರೆ ಮುಂದಿನ ವರ್ಷ ಕೇಳದೆಯೇ ದುಡ್ಡು ಬರುತ್ತದೆ. ತಿನ್ನಲು ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮಂಡಕ್ಕಿ ಚೀಲ ಬಿಚ್ಚಿದ ಮೇಲೆ ಯಾರನ್ನೂ ಸಾಲಿನಲ್ಲಿ ನಿಲ್ಲಿಸಲು ಆಗುವುದಿಲ್ಲ.

ಫೋಟೊ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿ. ಮಕ್ಕಳ ಫೋಟೊಗಳನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ, ಅದರಾಚೆಗೆ ಮನೆಯವರ ಒಪ್ಪಿಗೆ ಇಲ್ಲದೆ ಹಾಕುವುದಿಲ್ಲ. ಹೆಣ್ಣುಮಕ್ಕಳ ಮನೆಯವರು ಬೇಡ ಎಂದರೆ ಏಕೆ ಎಂದು ಕೇಳುವುದಿಲ್ಲ. ಅಂಕಪಟ್ಟಿಯ ಫೋಟೊ ಯಾರದ್ದೂ ಹಾಕುವಂತಿಲ್ಲ, ಟೀಚರುಗಳ ಮಕ್ಕಳದ್ದೂ.

ಈ ಸಲದ ವಾರ್ಷಿಕ ಸಭೆಯ ದಿನ ಇನ್ನೂ ಗೊತ್ತಾಗಿಲ್ಲ. ಶೇಂಗಾ ಕಿತ್ತು, ಒಕ್ಕಿ, ಮಾರಿದ ಮೇಲೆ, ಗುಳೆ ಹೋಗುವವರು ಗಂಟು ಕಟ್ಟುವ ಮುಂಚೆ ಒಂದು ವಾರ ಬಿಡುವು ಇರುತ್ತದೆ, ಅದರೊಳಗೆ ಮಾಡಬೇಕು. ಯಾವ ವಾರ ಎಂದು ಡೈರಿ ಸಾಲಿನಲ್ಲಿ ಕೇಳಿ ಬರಲು ಏಳನೇ ತರಗತಿಯವರಿಗೆ ಹೇಳಿದ್ದೇನೆ.